ನೀರಿಗೆ ಹಾಕಿದ ಹಣ

ನಮ್ಮ ಶಾಲೆಯ ನೂರು ವರ್ಷಗಳ ಕಥೆಯನ್ನು ಬಿದ್ರಿ ಸೀಮೆಯ ನೀರಿನ ಕಥೆಯಿಂದ ಬೇರ್ಪಡಿಸಿ ಬರೆಯಲಾಗದು. ಬೊಕ್ಕಸದ ಹಣ ಒಂದು ಸೀಮೆಯ ಬದುಕನ್ನು ಹೇಗೆ ಬದಲಿಸುತ್ತದೆ, ಅದಕ್ಕೆ ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ಕೊಲ್ಹಾಪುರವೇ ಸಾಕ್ಷಿ.

1894ರಲ್ಲಿ ಅಧಿಕಾರ ವಹಿಸಿಕೊಂಡ ರಾಜರ್ಷಿ ಶಾಹೂ ಛತ್ರಪತಿಗಳು ಕೆಲವೇ ವರ್ಷಗಳಲ್ಲಿ ಬರವನ್ನೂ ಪ್ಲೇಗನ್ನೂ ಎದುರಿಸಬೇಕಾಯಿತು. 1902ರಲ್ಲಿ ಸಂಸ್ಥಾನಕ್ಕೆ ನೀರಾವರಿ ಧೋರಣೆಯೊಂದು ರೂಪುಗೊಂಡಿತು. ಮುಂದೆ ಭೋಗಾವತಿ ನದಿಗೆ ರಾಧಾನಗರಿಯಲ್ಲಿ ಅಣೆಕಟ್ಟಿನ ಕೆಲಸ ಆರಂಭವಾಯಿತು. ಅದು ನಡುವೆಯೇ ನಿಂತಿತು. 1922ರಲ್ಲಿ ಮಹಾರಾಜರು ತೀರಿಕೊಂಡಾಗ ಅಣೆಕಟ್ಟು ಅಪೂರ್ಣವಾಗಿತ್ತು. ಪೂರ್ಣಗೊಂಡದ್ದು ಸ್ವಾತಂತ್ರ್ಯಾನಂತರ, 1950ರ ದಶಕದಲ್ಲಿ. ನಡುವಿನ ತಲೆಮಾರಿಗೆ ಆ ವೆಚ್ಚ ನೀರಿನಲ್ಲಿ ಹೋಮ ಮಾಡಿದಂತೆಯೇ ಕಂಡಿದ್ದರೆ ಆಶ್ಚರ್ಯವಿಲ್ಲ. 1917ರಲ್ಲಿ ಅವರು ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯಗೊಳಿಸಿದಾಗಲೂ ಫಲ ಕೈಗೆ ಬರಲು ಒಂದು ತಲೆಮಾರೇ ಬೇಕಾಗಿತ್ತು.

ಇಲ್ಲಿನ ನೀರಾವರಿಯ ವೈಶಿಷ್ಟ್ಯವೆಂದರೆ ನದಿಯೇ ಕಾಲುವೆ. ಅಣೆಕಟ್ಟಿನಿಂದ ಬಿಟ್ಟ ನೀರನ್ನು ಕೊಲ್ಹಾಪುರ ಮಾದರಿಯ ಬಾಂದಾರಗಳು ಅಲ್ಲಲ್ಲಿ ತಡೆದು ನಿಲ್ಲಿಸುತ್ತವೆ. ಮಳೆಗಾಲ ಮುಗಿದೊಡನೆ ಕಂಬಗಳ ನಡುವೆ ಹಲಗೆ ಇಳಿಸುತ್ತಾರೆ, ಮುಂಗಾರಿಗೆ ಮುನ್ನ ತೆಗೆಯುತ್ತಾರೆ. ಅಲ್ಲಿಂದ ಹೊಲದವರೆಗೆ ನೀರೆತ್ತುವ ಪಂಪು, ಕೊಳವೆಗಳ ಖರ್ಚನ್ನು ಬಹುಮಟ್ಟಿಗೆ ರೈತರೇ ಸಹಕಾರ ಸಂಘ ಕಟ್ಟಿಕೊಂಡು ಹೊತ್ತರು. ಸರ್ಕಾರದ ರೂಪಾಯಿ ರೈತನ ರೂಪಾಯಿಯನ್ನು ಹೊರಗೆಳೆದದ್ದು ಹೀಗೆ. ನದಿಯಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆಂಬ ಭರವಸೆಯಿಲ್ಲದೆ ಯಾವ ರೈತ ಸಾಲ ಮಾಡಿ ಪಂಪು ಕೂರಿಸಿಯಾನು?

ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಕಾರ್ಖಾನೆ. ಮಹಾರಾಷ್ಟ್ರದ ಸಹಕಾರಿ ಸಕ್ಕರೆ ಕಾರ್ಖಾನೆಗಳಿಗೆ ಸದಸ್ಯರ ಷೇರಿನ ಜೊತೆಗೆ ರಾಜ್ಯ ಸರ್ಕಾರದ ಷೇರು ಬಂಡವಾಳ ಮತ್ತು ಸಾಲದ ಜಾಮೀನು ದೊರೆತವು. ನಮ್ಮ ಬಿದ್ರಿಯ ದೂಧಗಂಗಾ-ವೇದಗಂಗಾ ಕಾರ್ಖಾನೆ ಎರಡು ನದಿಗಳ ಹೆಸರನ್ನೇ ಹೊತ್ತಿದೆ. ದೂಧಗಂಗೆಗೆ ಕಾಳಮ್ಮವಾಡಿಯಲ್ಲಿ ಕಟ್ಟಿದ ಅಣೆಕಟ್ಟು ಮಹಾರಾಷ್ಟ್ರ, ಕರ್ನಾಟಕಗಳ ಜಂಟಿ ಯೋಜನೆ; ಗಡಿಯ ಬಗ್ಗೆ ಜಗಳವಾಡಿದ ಎರಡೂ ರಾಜ್ಯಗಳು ಒಂದೇ ಗೋಡೆಗೆ ಹಣ ಹಾಕಿದ್ದನ್ನು ಗಡಿಭಾಗದ ಕನ್ನಡಿಗಳಾದ ನಾನು ವಿಶೇಷವಾಗಿ ನೆನೆಯುತ್ತೇನೆ.

ಆದರೆ ಲಾಭ ಎಲ್ಲರಿಗೂ ಸಮನಾಗಿ ಹರಿಯಲಿಲ್ಲ. ನದಿಯ ದಂಡೆಯವನಿಗೆ ಸಿಕ್ಕದ್ದು ಗುಡ್ಡದ ಮೇಲಿನವನಿಗೆ ಸಿಗಲಿಲ್ಲ. ನೀರಾವರಿಯಿಲ್ಲದ ಬೀಡ ಜಿಲ್ಲೆಯ ಬಡವರು ಇಲ್ಲಿಯ ಕಬ್ಬು ಕಡಿಯಲು ಇಂದಿಗೂ ಕುಟುಂಬಸಮೇತ ಬರುತ್ತಾರೆ. ಬಾಂದಾರಕ್ಕೆ ಹಲಗೆ ಇಳಿಸುವ ಹೊತ್ತಿಗೆ ಅವರ ಗುಡಿಸಲುಗಳು ಏಳುತ್ತವೆ, ಬೇಸಿಗೆ ಬಲಿಯುವ ಹೊತ್ತಿಗೆ ಮಾಯವಾಗುತ್ತವೆ. ಅವರ ಮಕ್ಕಳಿಗೆ ಬರುವುದು ಮರಾಠಿ, ನಮ್ಮದು ಕನ್ನಡ ಶಾಲೆ. ಆ ಮಕ್ಕಳಿಗೆಂದು ಸುಗ್ಗಿಯ ಕಾಲದಲ್ಲಿ ನಡೆಯುವ ಸಾಖರ ಶಾಲೆಗಳಿಗೆ ಹಾಕುವ ಹಣವನ್ನೂ ನಾನು ಅಣೆಕಟ್ಟಿನ ಲೆಕ್ಕದಲ್ಲೇ ಬರೆಯುತ್ತೇನೆ.