ಮೋಡದಾಚೆ ನೋಡುವ ಲೆಕ್ಕ

1980ರ ದಶಕದ ಕೊನೆಯಲ್ಲಿ ಉಪಗ್ರಹ ಚಿತ್ರಗಳನ್ನು ಕಂಪ್ಯೂಟರ್‌ನಲ್ಲಿ ಸಂಸ್ಕರಿಸಲೆಂದೇ ದೇಶದಲ್ಲಿ ಐದು ಪ್ರಾದೇಶಿಕ ದೂರಸಂವೇದಿ ಕೇಂದ್ರಗಳು ತಲೆಯೆತ್ತಿದವು. ಬೆಂಗಳೂರಿನ ಕೇಂದ್ರ ಬಹುಕಾಲ ನಡೆದದ್ದು ಬನಶಂಕರಿಯ ಈಶ್ವರನಗರದಲ್ಲಿ, 40ನೇ ಮೇನ್‌ನಲ್ಲಿ. 1988ರ ಮಾರ್ಚ್ 17ರಂದು ಹಾರಿದ ಐಆರ್‌ಎಸ್-1ಎ ಉಪಗ್ರಹದ ಕ್ಯಾಮೆರಾಗಳು ಇಂಥ ಕೇಂದ್ರಗಳಿಗೆ ಕೈತುಂಬ ಕೆಲಸ ಕೊಟ್ಟವು. ಆದರೆ ಮುಂಗಾರು ಕವಿಯಿತೆಂದರೆ ಕ್ಯಾಮೆರಾಗೆ ಕಾಣುತ್ತಿದ್ದದ್ದು ಬರೀ ಮೋಡ. ಭತ್ತದ ನಾಟಿ, ನದಿಗಳ ನೆರೆ ಎಲ್ಲವೂ ಆ ತಿಂಗಳುಗಳಲ್ಲೇ.

ರೇಡಾರ್‌ಗೆ ಮೋಡವೂ ಅಡ್ಡಿಯಲ್ಲ, ಇರುಳೂ ಅಡ್ಡಿಯಲ್ಲ. ತಾನೇ ಅಲೆ ಕಳಿಸಿ, ಮರಳಿ ಬಂದ ಪ್ರತಿಧ್ವನಿಯನ್ನು ದಾಖಲಿಸುತ್ತದೆ. ಬಿಟಿಎಂ ಲೇಔಟ್‌ನ ಮಡಿವಾಳ ಕೆರೆಯ ನಿಂತ ನೀರು ಅಲೆಯನ್ನು ಅತ್ತ ಜಾರಿಸಿಬಿಡುವುದರಿಂದ ಚಿತ್ರದಲ್ಲಿ ಕಪ್ಪು. ಕಳೆ ಹಬ್ಬಿದ ಕಡೆ ಬೂದು. ಜಯನಗರದ ಗೋಡೆಗಳು ರಸ್ತೆಗೆ ಕೂಡುವ ಮೂಲೆಗಳು ಅಲೆಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಅಟ್ಟುವುದರಿಂದ ಅಲ್ಲಿ ಬಿಳಿ. ನಾಟಿ ಮಾಡಿದ ಹೊಸತರಲ್ಲಿ ಕಪ್ಪಾಗಿದ್ದ ಗದ್ದೆ, ಪೈರು ಎದ್ದಂತೆ ಬೆಳಗುತ್ತ ಹೋಗುತ್ತದೆ.

ತೊಡಕಿದ್ದದ್ದು ಸ್ಪಷ್ಟತೆಯಲ್ಲಿ. 500 ಕಿ.ಮೀ. ಎತ್ತರದಿಂದ ಮೂರು ಮೀಟರಿನ ವಸ್ತುವನ್ನು ಬಿಡಿಸಿ ನೋಡಲು ಕಿಲೋಮೀಟರುಗಟ್ಟಲೆ ಉದ್ದದ ಆಂಟೆನಾ ಬೇಕು. ಅಮೆರಿಕದ ಕಾರ್ಲ್ ವೈಲಿ 1951ರಲ್ಲೇ ದಾರಿ ತೋರಿಸಿದ್ದರು: ಚಿಕ್ಕ ಆಂಟೆನಾ ಸಾಗುತ್ತ ಸಾಗುತ್ತ ಹಿಡಿದ ಪ್ರತಿಧ್ವನಿಗಳನ್ನು, ಅವುಗಳ ಡಾಪ್ಲರ್ ವ್ಯತ್ಯಾಸ (ಸಾಗಾಟದಿಂದ ಅಲೆಯ ಆವರ್ತನದಲ್ಲಿ ಆಗುವ ಬದಲಾವಣೆ) ನೋಡಿ ಕೂಡಿಸಿದರೆ ಉದ್ದ ಆಂಟೆನಾದ ಫಲವೇ ಸಿಗುತ್ತದೆ. ಮೊದಮೊದಲು ಈ ಕೂಡಿಕೆ ನಡೆದದ್ದು ಫಿಲ್ಮ್ ಮತ್ತು ಮಸೂರಗಳಲ್ಲಿ. 1978ರಲ್ಲಿ ಹಾರಿದ ಅಮೆರಿಕದ ರೇಡಾರ್ ಉಪಗ್ರಹ ಸೀಸ್ಯಾಟ್ ಸುಮಾರು ನೂರು ದಿನಗಳಲ್ಲೇ ಕೆಟ್ಟಿತು. ಆದರೂ ಕೆನಡಾದ ಮ್ಯಾಕ್‌ಡೊನಾಲ್ಡ್ ಡೆಟ್ವೈಲರ್ ಕಂಪನಿ ಅದರ ದತ್ತಾಂಶದಿಂದ ಪೂರಾ ಕಂಪ್ಯೂಟರ್‌ನಲ್ಲೇ ಚಿತ್ರ ತೆಗೆದು ತೋರಿಸಿತು.

ಸ್ಪಷ್ಟತೆ ಸಿಕ್ಕಿತು, ವಿಸ್ತಾರ ಸಿಗಲಿಲ್ಲ.

2012ರ ಏಪ್ರಿಲ್ 26ರಂದು ಹಾರಿದ ಭಾರತದ ರೇಡಾರ್ ಉಪಗ್ರಹ ರಿಸ್ಯಾಟ್-1ರಲ್ಲಿ ಈ ಕೊಡು-ಕೊಳ್ಳು ಎದ್ದು ಕಾಣುತ್ತಿತ್ತು. ಮೂರು ಮೀಟರ್ ವಿವರ ಬೇಕೆಂದರೆ 25 ಕಿ.ಮೀ. ಅಗಲದ ಪಟ್ಟಿ, 223 ಕಿ.ಮೀ. ಅಗಲ ಬೇಕೆಂದರೆ ವಿವರ 50 ಮೀಟರಿಗೆ ಇಳಿಯುತ್ತಿತ್ತು. ನೆರೆ ಬಂದಾಗ ಇಡೀ ಕೃಷ್ಣಾ ತೀರ ನೋಡಬೇಕೋ, ಒಂದು ಊರನ್ನು ಬಿಡಿಸಿ ನೋಡಬೇಕೋ ಎಂದು ಮೊದಲೇ ತೀರ್ಮಾನಿಸಬೇಕಿತ್ತು.

ಈ ಗಂಟನ್ನು ಬಿಚ್ಚಿದ್ದು ನಿಸಾರ್. ನಾಸಾ ಮತ್ತು ಇಸ್ರೊ ಸೇರಿ ರೂಪಿಸಿದ ಈ ಉಪಗ್ರಹದ ರೇಡಾರ್‌ಗಳು 2023ರ ಮಾರ್ಚ್‌ನಲ್ಲಿ ಅಮೆರಿಕದಿಂದ ವಿಮಾನದಲ್ಲಿ ಬೆಂಗಳೂರಿಗೆ ಬಂದಿಳಿದವು. ಜೋಡಣೆ, ಪರೀಕ್ಷೆ ನಡೆದದ್ದು ಇಲ್ಲೇ. 2025ರ ಜುಲೈ 30ರಂದು ಅದು ಶ್ರೀಹರಿಕೋಟೆಯಿಂದ ಹಾರಿತು. ಅಲೆಯನ್ನು ಅಗಲವಾಗಿ ಚೆಲ್ಲಿ, ಮರಳಿದ ಪ್ರತಿಧ್ವನಿಯನ್ನು ಮಾತ್ರ ಕಿರಿದಾದ ಕಿರಣದಿಂದ ಬೆನ್ನಟ್ಟಿ ಹಿಡಿಯುವುದು ಅದರ ಉಪಾಯ. ಹೀಗಾಗಿ 240 ಕಿ.ಮೀ.ಗೂ ಮಿಕ್ಕ ಅಗಲ ಮತ್ತು ಹತ್ತು ಮೀಟರಿನ ಆಸುಪಾಸಿನ ವಿವರ ಎರಡೂ ಒಟ್ಟಿಗೇ ದಕ್ಕುತ್ತವೆ. 12 ದಿನಕ್ಕೊಮ್ಮೆ ಅದೇ ನೆಲದ ಮೇಲೆ ಮರಳಿ ಬರುತ್ತದೆ.

ಇದರ ದತ್ತಾಂಶವನ್ನು ಎಲ್ಲರಿಗೂ ಉಚಿತವಾಗಿ ತೆರೆದಿಡುವುದು ಯೋಜನೆಯ ನೀತಿ. ನಮ್ಮ ಎಂಜಿನಿಯರಿಂಗ್, ಕೃಷಿ ಕಾಲೇಜುಗಳು ಅದನ್ನು ಓದುವ ಪಾಠವನ್ನು ಈಗಲೇ ಶುರು ಮಾಡಬೇಕು.