ವೈರಿ ಊರ ಬಾಗಿಲಿಗೆ ಬಂದಾಗ ದೇವರು ಎಲ್ಲಿದ್ದ?

ಈ ಸಲದ ಕ್ಯಾಪ್ಶನ್ ಸ್ವಲ್ಪ ಉದ್ದ ಐತಿ, ಸೇವ್ ಮಾಡ್ಕೊಂಡು ಓದ್ರಿ.

ಚಾಲುಕ್ಯ–ಚೋಳ ರೀಲ್ಸ್ ಕೆಳಗ ನಮ್ಮ ಕ್ಲಾಸಿನವರೇ ಕಿತ್ತಾಡೋದನ್ನ ನೋಡಿ ಇದನ್ನ ಬರೀತಿದೀನಿ. "ದೇವರು ನಮ್ಮ ಕಡೆ ಇದ್ದ, ಅದಕ್ಕ ಗೆದ್ವಿ" ಅನ್ನೋ ಮಾತು ಅಲ್ಲಿ ಭಾಳ ಬರತೈತಿ. ಆ ಮಾತು ಇವತ್ತಿಂದಲ್ಲ. ನಮ್ಮ ತಾಲೂಕಿನ ಒಂದು ಕಲ್ಲಿನ ಮ್ಯಾಲೂ ಐತಿ, ಯೆಹೂದ್ಯರ ಹೀಬ್ರೂ ಗ್ರಂಥದೊಳಗೂ ಐತಿ. (ಕ್ರೈಸ್ತರು ಅದನ್ನ ಹಳೆಯ ಒಡಂಬಡಿಕೆ ಅಂತಾರ. ಬೆಟಗೇರಿಗೆ ಬಾಸೆಲ್ ಮಿಷನ್ ಬಂದಿದ್ದು 1841ರಲ್ಲಿ, ಅಂದ್ರ ಆ ಕಥೆಗಳು ನಮ್ಮ ಕಡೆಗೇನೂ ಹೊಸಾವಲ್ಲ.)

ಮೊದಲು ಕಲ್ಲು. ಕಳಸಾಪುರ ಇರೋ ಗದಗ ತಾಲೂಕಿನಲ್ಲೇ ಗಾವರವಾಡ ಐತಿ. ಅಲ್ಲಿನ 1071–72ರ ಶಾಸನ ಅಣ್ಣಿಗೇರಿಯ ಜೈನ ಬಸದಿಯ ಕಥೆ ಹೇಳತೈತಿ. ಗಂಗ ಪೆರ್ಮಾಡಿ ಕಟ್ಟಿಸಿದ್ದ ಬಸದಿ ಅದು. ಚೋಳ ರಾಜ ಬೆಳ್ವೊಲ ನಾಡಿಗೆ ನುಗ್ಗಿ ಬಸದಿಗಳನ್ನ ಸುಟ್ಟ, ಆ ಪಾಪಕ್ಕ ಚಾಲುಕ್ಯ ಒಂದನೇ ಸೋಮೇಶ್ವರನಿಗೆ ಕಾಳಗದಾಗ ತಲೆ ಒಪ್ಪಿಸಿ ಸತ್ತ ಅಂತ ಶಾಸನದ ಅಭಿಪ್ರಾಯ. ಆಮ್ಯಾಲೆ ಈ ನಾಡು ಆಳ್ತಿದ್ದ ಲಕ್ಷ್ಮರಸ ಬಸದಿಯನ್ನ ಮತ್ತ ಎತ್ತಿ ನಿಲ್ಲಿಸಿದ. ಸತ್ತ ಚೋಳ ರಾಜ ರಾಜಾಧಿರಾಜ, ಕಾಳಗ 1054ರ ಸುಮಾರಿನ ಕೊಪ್ಪಂ ಕಾಳಗ ಅಂತ ಇತಿಹಾಸಕಾರರು ಗುರುತಿಸ್ತಾರ.

ಈಗ ಚೋಳರ ಶಾಸನ ತೆಗೀರಿ. ಅದೇ ರಾಜ ಅಲ್ಲಿ "ಆನೆ ಮೇಲೆ ಮಡಿದ ದೇವರು"! ಅವನ ತಮ್ಮ ಎರಡನೇ ರಾಜೇಂದ್ರ ರಣರಂಗದಲ್ಲೇ ಪಟ್ಟಕ್ಕ ಬಂದು, ಗೆದ್ದಿದ್ದು ತಾನೇ ಅಂತ ಕೆತ್ತಿಸಿದ. ಒಂದೇ ಸಾವು ಇಲ್ಲಿ ಪಾಪದ ಫಲ, ಅಲ್ಲಿ ವೀರಮರಣ.

ಇಲ್ಲಿಂದ ಯೆರೂಸಲೇಮಿಗೆ ಹೋಗೋಣ. ಕ್ರಿ.ಪೂ. 701. ಅಶ್ಶೂರಿನ ರಾಜ ಸನ್ಹೇರೀಬ ಯೆಹೂದ ನಾಡನ್ನ ತುಳಿದು ಬಂದ. ಯೆರೂಸಲೇಮಿನ ಒಳಗ ರಾಜ ಹಿಜ್ಕೀಯ ಸಿಕ್ಕಿಬಿದ್ದಿದ್ದ. ಹಿಜ್ಕೀಯ ಪ್ರಾರ್ಥಿಸಿದ, ರಾತ್ರಿ ದೇವದೂತ ಬಂದು 1,85,000 ವೈರಿ ಸೈನಿಕರನ್ನ ಕೊಂದ ಅಂತ ಅರಸುಗಳು ಗ್ರಂಥದ ಎರಡನೇ ಭಾಗ ಹೇಳತೈತಿ. ಸನ್ಹೇರೀಬನೂ ತನ್ನ ಕಥೆ ಬರೆಸ್ಯಾನ, ಮಣ್ಣಿನ ಪಟ್ಟಕದ ಮ್ಯಾಲೆ. ಅದರ ಪ್ರಕಾರ ಅವನು 46 ಕೋಟೆ ಊರು ಹಿಡಿದ, ಹಿಜ್ಕೀಯನನ್ನ ಪಂಜರದ ಹಕ್ಕಿ ಮಾಡಿದ, 30 ತಲಾಂತು ಬಂಗಾರ ಕಪ್ಪ ತಗೊಂಡ. ಮಜಾ ಏನಂದ್ರ, 30 ತಲಾಂತು ಬಂಗಾರ ಕೊಟ್ಟಿದ್ದನ್ನ ಹೀಬ್ರೂ ಗ್ರಂಥವೂ ಒಪ್ಪತೈತಿ. ಯೆರೂಸಲೇಮ್ ಹಿಡಿದೆ ಅಂತ ಸನ್ಹೇರೀಬ ಎಲ್ಲೂ ಹೇಳಂಗಿಲ್ಲ. ಊರು ಉಳಿದಿದ್ದಂತೂ ಖರೆ.

ಅವನ ಸಾವು ಹೆಂಗ ಬರೆದಾರ ನೋಡ್ರಿ. ಊರಿಗೆ ವಾಪಸ್ ಹೋದ, ಗುಡಿಯೊಳಗ ಪೂಜೆ ಮಾಡುವಾಗ ಮಕ್ಕಳೇ ಕೊಂದ್ರು. ಓದಿದ್ರ ಮರುದಿನಾನೇ ಆದಂಗ ಅನಸತೈತಿ. ಖರೆ ಅಂದ್ರ ಅವನು ಸತ್ತದ್ದು ಕ್ರಿ.ಪೂ. 681ರಲ್ಲಿ, 20 ವರ್ಷದ ನಂತರ. ಗಾವರವಾಡದ ಶಾಸನವೂ ಹಿಂಗೇ: ಸುಟ್ಟ, ಸತ್ತ, ಒಂದೇ ಉಸಿರಿನಲ್ಲಿ. ಉಳಿದವರು ಲೆಕ್ಕ ಚುಕ್ತಾ ಮಾಡೋ ರೀತಿ ಅದು.

ಹಂಗಾದ್ರ ಲಾಕೀಷ್ ಊರಿನವರ ಗತಿ? ಅದೂ ಯೆಹೂದದ್ದೇ, ದೇವರೂ ಅದೇ. ಆದ್ರ ಆ ಊರು ಬಿತ್ತು. ಅದರ ಮುತ್ತಿಗೆ, ಸೆರೆಯಾಳುಗಳ ಸಾಲು, ಎಲ್ಲಾ ಸನ್ಹೇರೀಬ ನಿನೆವೆಯ ಅರಮನೆ ಗೋಡೆಗೆ ಕೆತ್ತಿಸಿದ. ಆ ಫಲಕಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಪಟ್ಟಣ ಉಳಿದದ್ದು ದೇವರ ಕೃಪೆ ಆದ್ರ ಲಾಕೀಷ್ ಬಿದ್ದದ್ದು ಏನು, ಅನ್ನೋ ಪ್ರಶ್ನೆ ನನ್ನನ್ನ ಬಿಡಂಗಿಲ್ಲ.

ಮುಂದ ಯೆರೂಸಲೇಮಿನವರಿಗೆ ಧೈರ್ಯ ಹೆಚ್ಚಾತು. ದೇವರ ಗುಡಿ ಇರೋ ಊರಿಗೆ ಏನೂ ಆಗಂಗಿಲ್ಲ ಅಂದ್ಕೊಂಡ್ರು. ಪ್ರವಾದಿ ಯೆರೆಮೀಯ ಗುಡಿ ಬಾಗಿಲಲ್ಲೇ ನಿಂತು, ಪರದೇಶಿಗೆ, ಅನಾಥರಿಗೆ, ವಿಧವೆಗೆ ಅನ್ಯಾಯ ಮಾಡ್ಕೊಂತ ಗುಡಿ ನಂಬಬ್ಯಾಡ್ರಿ ಅಂದ. ಅವನನ್ನ ಕೊಲ್ಲಬೇಕು ಅಂತ ಜನ ಮುತ್ತಿಗಿ ಹಾಕಿದ್ರು. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನವರು ಊರನ್ನೂ ಗುಡಿಯನ್ನೂ ಸುಟ್ಟರು.

ನಮ್ಮ ಕಲ್ಲಿಗೂ ಆ ಗ್ರಂಥಕ್ಕೂ ಇರೋ ಫರಕು ನನಗ ಇಲ್ಲೇ ಕಾಣೋದು. ಶಾಸನ ಅಂದ್ರ ದಾನದ ಕಾಗದಪತ್ರ ಇದ್ದಂಗ. ರಾಜನ ಹೊಗಳಿಕೆ, ಭೂಮಿ ಲೆಕ್ಕ ಅದರ ಕೆಲಸ. ಬಸದಿ ಉರಿಯುವ ರಾತ್ರಿ ಅಣ್ಣಿಗೇರಿಯ ಶ್ರಾವಕರು ಏನಂತ ಅತ್ತರು ಅಂತ ಅದು ಹೇಳಂಗಿಲ್ಲ. ಹೀಬ್ರೂ ಗ್ರಂಥ ಗೆದ್ದ ಹಾಡಿನ ಪಕ್ಕದಲ್ಲೇ ಸೋತವರ ಜಗಳವನ್ನೂ ಇಟ್ಟೈತಿ. 44ನೇ ಕೀರ್ತನೆಯಲ್ಲಿ ಜನ ದೇವರನ್ನೇ ಎದ್ದೇಳು, ಯಾಕ ಮಲಗೀದಿ ಅಂತ ಕೇಳ್ತಾರ. ಸುಟ್ಟ ಯೆರೂಸಲೇಮಿಗಾಗಿ ಬರೆದ ಪ್ರಲಾಪಗಳನ್ನ ಯೆಹೂದ್ಯರು ಇಂದಿಗೂ ಆವ್ ತಿಂಗಳ ಒಂಬತ್ತನೇ ದಿನ, ಉಪವಾಸ ಇದ್ದು, ನೆಲದ ಮ್ಯಾಲೆ ಕೂತು ಓದ್ತಾರ.

#ಕಳಸಾಪುರ #ಗದಗ #ಗಾವರವಾಡ_ಶಾಸನ