ಶಿಕ್ಷಕ ಹುತಾತ್ಮರ ಸ್ಮಾರಕ

ಯುದ್ಧದಲ್ಲಿ ಅಥವಾ ಕರ್ತವ್ಯದ ನಡುವೆ ಮಡಿದ ಶಾಲಾ ಶಿಕ್ಷಕರ ನೆನಪಿಗೆ ನಿಲ್ಲಿಸಿದ ಕಲ್ಲು ಅಥವಾ ಫಲಕ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸ್ 7,000ಕ್ಕೂ ಹೆಚ್ಚು ಪ್ರಾಥಮಿಕ ಶಾಲಾ ಶಿಕ್ಷಕರನ್ನು ಕಳೆದುಕೊಂಡಿತು. ಅವರು ಓದಿದ ತರಬೇತಿ ಶಾಲೆಗಳ ಗೋಡೆಗಳಲ್ಲಿ ಅವರ ಹೆಸರುಗಳನ್ನು ಕೊರೆಯಲಾಯಿತು. ಅಮೆರಿಕದ ಕಾನ್ಸಸ್ ರಾಜ್ಯದ ಎಂಪೋರಿಯಾದಲ್ಲಿ 2014ರಲ್ಲಿ ಇಂಥದೇ ಸ್ಮಾರಕ ತಲೆಯೆತ್ತಿತು. 2012ರ ಡಿಸೆಂಬರ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳ ಜೊತೆ 6 ಮಂದಿ ಸಿಬ್ಬಂದಿಯೂ ಗುಂಡಿಗೆ ಬಲಿಯಾದ ಮೇಲೆ ಹುಟ್ಟಿದ ಯೋಚನೆ ಅದು. ಇವನ್ನು ಹೊರಗಿನವರ ಪದ್ಧತಿ ಎಂದು ಬಿಡುವಂತಿಲ್ಲ. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಹಳೆಯ ಕಲ್ಲುಗಳಲ್ಲಿ ಈ ಸ್ಮಾರಕದ ಎರಡು ಬೇರುಗಳೂ ಸಿಗುತ್ತವೆ: ಒಂದು ವೀರಗಲ್ಲು, ಇನ್ನೊಂದು ನಿಷಿಧಿ.

ಆಯುಧ ಹಿಡಿಯದ ಮೇಷ್ಟ್ರಿಗೂ ವೀರಗಲ್ಲಿಗೂ ಏನು ಸಂಬಂಧ ಎಂಬುದು ಮೊದಲು ಏಳುವ ಆಕ್ಷೇಪ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ, ತುದಿಯಲ್ಲಿ ಸೂರ್ಯಚಂದ್ರರು. ನೋಡಿದರೆ ಇದು ಯೋಧನ ಕಲ್ಲೇ. ಆದರೆ ಶಾಸನಗಳನ್ನು ಓದಿದರೆ ಬೇರೆ ಮಾತು ಕೇಳುತ್ತದೆ. ತುರುಗೋಳಿನಲ್ಲಿ ದನ ಬಿಡಿಸಲು ಹೋಗಿ ಸತ್ತವನಿಗೆ, ಪೆಣ್ಬುಯ್ಯಲಿನಲ್ಲಿ ಹೆಂಗಸರನ್ನು ಕಾಯುತ್ತ ಬಿದ್ದವನಿಗೆ, ಹುಲಿ ಹಂದಿಗಳಿಗೆ ಎದುರಾದವನಿಗೆ ಕಲ್ಲು ಸಂದಿದೆ. ಕ್ರಿ.ಶ. 949–50ರ ಆತಕೂರು ಶಾಸನ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯದು. ಅಂದರೆ ಕಲ್ಲು ನಿಲ್ಲಿಸಿದವರು ಕೇಳಿದ್ದು ಸತ್ತವರ ಕಸುಬನ್ನಲ್ಲ, ಯಾವುದಕ್ಕಾಗಿ ಸತ್ತರು ಎಂಬುದನ್ನು. ಮಕ್ಕಳಿಗೆ ಅಡ್ಡನಿಂತು ಮಡಿದ ಶಿಕ್ಷಕಿ ಈ ಅಳತೆಗೆ ಪೂರ್ತಿ ಸಲ್ಲುತ್ತಾಳೆ.

ನಿಷಿಧಿ ಎಂದರೆ ಸಲ್ಲೇಖನದಿಂದ, ಅಂದರೆ ಉಪವಾಸವ್ರತದಿಂದ, ದೇಹ ಬಿಟ್ಟ ಜೈನರ ನೆನಪಿನ ಕಲ್ಲು; ಹಲವು ಕಡೆ ಅದು ಗುರುವಿಗೆ ಶಿಷ್ಯರು ಸಲ್ಲಿಸಿದ್ದು. ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿ ಒಬ್ಬ ಗುರುವಿನ ಸಾವನ್ನು ಹೇಳಲು ಅವರ ಹಿಂದಿನ ಗುರುಪರಂಪರೆಯನ್ನೇ ಎಣಿಸುತ್ತದೆ. ಈ ಸೀಮೆಯಲ್ಲಿ ಗುರುವಿನ ನೆನಪು ಉಳಿದ ತಾಣ ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿ; ಅದು ವ್ಯಾಕರಣಕಾರ ಪೂಜ್ಯಪಾದರ ನೆನಪನ್ನು ಇಂದಿಗೂ ಹೊತ್ತ ಜೈನ ಕ್ಷೇತ್ರ.  ನಿಷಿಧಿಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಚಿತ್ರವಿದೆ: ಎದುರುಬದುರು ಕುಳಿತ ಗುರುಶಿಷ್ಯರು, ನಡುವೆ ಗ್ರಂಥವಿಟ್ಟ ಠವಣೆಕೋಲು. ಸತ್ತವರನ್ನು ಕಲ್ಲಿನಲ್ಲಿ ಪಾಠ ಹೇಳುತ್ತಿರುವಂತೆಯೇ ಕೂರಿಸಿದ್ದಾರೆ. ಎಂಪೋರಿಯಾದ ಫಲಕಗಳೂ ತೆರೆದ ಪುಸ್ತಕದ ಆಕಾರದವು. ಈ ಎರಡು ಕಡೆಯ ಕಲ್ಲು ಕೆತ್ತಿದವರು ಒಬ್ಬರನ್ನೊಬ್ಬರು ಕಂಡವರಲ್ಲ. ಸಲ್ಲೇಖನ ವ್ರತ ಹಿಡಿದು ತಂದುಕೊಂಡ ಸಾವು, ಗುಂಡೇಟಿನ ಸಾವು ಒಂದೇ ಅಲ್ಲ ಎಂಬ ಮಾತು ನಿಜ, ಅದನ್ನು ಒಪ್ಪಲೇಬೇಕು. ನಿಷಿಧಿಯಿಂದ ಇಲ್ಲಿ ಪಡೆಯಬೇಕಾದದ್ದು ಸಾವಿನ ಬಗೆಯನ್ನಲ್ಲ, ಗುರುವನ್ನು ಗುರುವಾಗಿಯೇ ನೆನೆಯುವ ಕ್ರಮವನ್ನು. ಫ್ರಾನ್ಸಿನ ಶಿಕ್ಷಕರು ಸತ್ತದ್ದು ಸೈನಿಕರಾಗಿ. ಹೆಸರು ಉಳಿದದ್ದು ಶಾಲೆಯ ಗೋಡೆಯ ಮೇಲೆ.

ಜನಗಣತಿ, ಚುನಾವಣೆ, ಸಾಂಕ್ರಾಮಿಕದ ದಿನಗಳ ಕೆಲಸದಲ್ಲಿ ತೀರಿಕೊಂಡ ಶಿಕ್ಷಕರನ್ನು ವೀರರೆಂದು ಕರೆದರೆ ಆ ಪದವೇ ಹಗುರಾಗುತ್ತದೆ ಎನ್ನುವವರಿದ್ದಾರೆ. 2020ರ ಆಗಸ್ಟ್‌ನಲ್ಲಿ ಶಾಲೆಗಳು ಮುಚ್ಚಿದ್ದಾಗ ಶುರುವಾದ ವಿದ್ಯಾಗಮ ಯೋಜನೆಯಲ್ಲಿ ಕರ್ನಾಟಕದ ಶಿಕ್ಷಕರು ಗುಡಿಯ ಜಗಲಿಯಲ್ಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಕೂಡಿಸಿ ಕಲಿಸಿದರು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿ ಅಕ್ಟೋಬರ್‌ನಲ್ಲಿ ಅದು ನಿಂತಿತು. ಅಪಾಯ ಗೊತ್ತಿದ್ದೂ ಮಕ್ಕಳಿದ್ದಲ್ಲಿಗೆ ನಡೆದವರು ಅವರು. ಪದ ಹಗುರಾಗುವುದು ಕಾರಣ ಬರೆಯದೆ ಬರೀ ಹೊಗಳಿದಾಗ. ಹಳೆಯ ಕಲ್ಲುಗಳಲ್ಲಿ ಕಾರಣವೂ ಇರುತ್ತಿತ್ತು, ಅದರ ಬೆನ್ನಿಗೆ ಕೊಡಗೆಯೂ ಇರುತ್ತಿತ್ತು: ಮಡಿದವನ ಮನೆಯವರಿಗೆ ಕಲ್ನಾಡು, ನೆತ್ತರುಕೊಡಗೆ ಎಂಬ ಹೆಸರಿನ ಭೂಮಿ. ಆತಕೂರಿನಲ್ಲಿ ನಾಯಿಯ ಕಲ್ಲಿಗೂ ಭೂಮಿ ಬಿಟ್ಟು, ಪೂಜೆ ಮಾಡದೆ ಗೊರವ (ಶೈವ ಪೂಜಾರಿ) ಉಣ್ಣಬಾರದೆಂದು ಬರೆಸಿದರು. ಚಾಮರಾಜನಗರದ ಕರಿಕಲ್ಲು ಇಂದು ಹೊರದೇಶಗಳ ಸಮಾಧಿಶಿಲೆಯಾಗಿ ಹಡಗೇರುತ್ತದೆ. ಅದೇ ಕಲ್ಲಿನಲ್ಲಿ ಇಲ್ಲಿಯ ಶಿಕ್ಷಕರಿಗೊಂದು ಸ್ಮಾರಕ ನಿಲ್ಲಿಸುವುದಾದರೆ, ಪ್ರತಿ ಹೆಸರಿನ ಕೆಳಗೆ ಇನ್ನೆರಡು ಸಾಲಿಗೆ ಜಾಗ ಬೇಕು: ಹೇಗೆ ಮಡಿದರು, ಮನೆಯವರಿಗೆ ಏನು ಸಂದಿತು.